ಹಕ್ ಫಿನ್ನನ ಇಂಗ್ಲಿಷು, ನಮ್ಮ ‘ಒಸಿ’ ಕನ್ನಡ

ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಹತ್ತು ಪುಟ ಓದಿ ಮಡಚಿಡುವ ಇಂಗ್ಲಿಷ್ ಕಾದಂಬರಿಯೊಂದಿದೆ. ಮಾರ್ಕ್ ಟ್ವೇನ್ ಬರೆದ ‘ಹಕಲ್‌ಬೆರಿ ಫಿನ್’. ಇಂಗ್ಲೆಂಡಿನಲ್ಲಿ 1884ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 1885ರ ಫೆಬ್ರುವರಿಯಲ್ಲಿ ಹೊರಬಂದದ್ದು. ಕತೆ ಸುಲಭ. ಕುಡುಕ ಅಪ್ಪನ ಹೊಡೆತ ತಾಳಲಾರದೆ ಹಕ್ ಎಂಬ ಹುಡುಗ ಓಡಿಹೋಗುತ್ತಾನೆ. ಒಡತಿ ತನ್ನನ್ನು ದೂರದೂರಿಗೆ ಮಾರಿಬಿಡುತ್ತಾಳೆಂದು ತಿಳಿದ ಜಿಮ್ ಎಂಬ ಕರಿಯ ಗುಲಾಮನೂ ಓಡಿಹೋಗಿರುತ್ತಾನೆ. ಇಬ್ಬರೂ ಒಂದು ತೆಪ್ಪದ ಮೇಲೆ ಮಿಸಿಸಿಪ್ಪಿ ನದಿಯಲ್ಲಿ ತೇಲಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಆಗುವುದೇ ಕಾದಂಬರಿ.

ಕಷ್ಟ ಇರುವುದು ಭಾಷೆಯಲ್ಲಿ. ಕಾಗುಣಿತ ನೆಟ್ಟಗಿಲ್ಲ, ವ್ಯಾಕರಣ ನೆಟ್ಟಗಿಲ್ಲ, ಅರ್ಧ ಪದಗಳು ನಿಘಂಟಿನಲ್ಲಿ ಸಿಗುವುದಿಲ್ಲ. ಸಿಕ್ಕರೂ ಅರ್ಥ ಹೊಂದುವುದಿಲ್ಲ. ಇದನ್ನು ಓದಬೇಕಾದ ಡಿಗ್ರಿ ಹುಡುಗರು ಮೊಬೈಲ್‌ನಲ್ಲಿ ಸಾರಾಂಶ ಓದಿ ಮುಗಿಸುತ್ತಾರೆ, ಇಲ್ಲವೇ ಸರಳ ಇಂಗ್ಲಿಷಿಗೆ ಇಳಿಸಿದ ಪುಸ್ತಕ ಹುಡುಕುತ್ತಾರೆ. ಹಳೇ ಕಾಲದ ಆಡುಮಾತು, ಅದನ್ನು ಕಟ್ಟಿಕೊಂಡು ಏನಾಗಬೇಕು, ಕತೆ ಗೊತ್ತಾದರೆ ಸಾಕಲ್ಲ ಎನ್ನುವುದು ಅವರ ವಾದ. ನಾವು ಇದನ್ನು ಒಪ್ಪುವುದಿಲ್ಲ. ಆ ಮಾತನ್ನು ತೆಗೆದುಬಿಟ್ಟರೆ ಅಲ್ಲಿರುವ ಮನುಷ್ಯರೇ ಹೊರಟುಹೋಗುತ್ತಾರೆ. ಇನ್ನೊಂದು ಮಾತು: ಇಂಥ ಪುಸ್ತಕ ಓದಲು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರಿಗಿಂತ ಕೊಪ್ಪ, ಮದ್ದೂರು, ಮಳವಳ್ಳಿಯವರಿಗೆ ಹೆಚ್ಚು ಅನುಕೂಲವಿದೆ. ತಮಾಷೆಗೆ ಹೇಳುತ್ತಿಲ್ಲ.

ಟ್ವೇನ್ ಪುಸ್ತಕದ ಮೊದಲಲ್ಲೇ ಒಂದು ಸಣ್ಣ ಟಿಪ್ಪಣಿ ಹಾಕಿದ್ದಾನೆ. ಇದರಲ್ಲಿ ಬೇರೆ ಬೇರೆ ಆಡುಮಾತುಗಳನ್ನು ಬಳಸಿದ್ದೇನೆ ಎಂದು ಹೇಳಿ ಪಟ್ಟಿ ಕೊಡುತ್ತಾನೆ. ಮಿಸ್ಸೂರಿ ಸೀಮೆಯ ಕರಿಯರ ಮಾತು, ಕಾಡಂಚಿನ ಜನರ ಮಾತು, ಪೈಕ್ ಕೌಂಟಿ ಎಂಬ ಜಾಗದ ಮಾತು, ಆ ಪೈಕ್ ಕೌಂಟಿ ಮಾತಿನದೇ ನಾಲ್ಕು ಬಗೆ. ಒಟ್ಟು ಏಳು. ಇದನ್ನು ಓದಿ ನಗುವ ಪಟ್ಟಣದವರಿದ್ದಾರೆ. ನಮಗೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಮದ್ದೂರಿನ ಸಂತೆಯಲ್ಲಿ ನಿಂತರೆ ಯಾರು ನಾಗಮಂಗಲದ ಕಡೆಯವರು, ಯಾರು ಮಳವಳ್ಳಿಯವರು ಎಂದು ಎರಡು ಮಾತಿಗೆ ಗೊತ್ತಾಗುತ್ತದೆ. ಮಳವಳ್ಳಿ ದಾಟಿ ಕೊಳ್ಳೇಗಾಲದ ಕಡೆ ಹೋದರೆ ಮಾತಿನ ರಾಗವೇ ಬೇರೆ. ಒಂದೇ ಊರಲ್ಲಿ ಮೇಲಿನ ಬೀದಿಯ ಮಾತು ಒಂದು, ಕೇರಿಯ ಮಾತು ಒಂದು. ಏಳು ಬಗೆಯನ್ನು ಕಿವಿಯಲ್ಲೇ ಬೇರೆ ಮಾಡುವ ಅಭ್ಯಾಸ ನಮಗೆ ಹುಟ್ಟಿನಿಂದ ಬಂದಿದೆ.

ಇಂಥ ಪುಸ್ತಕವನ್ನು ಕಣ್ಣಲ್ಲಿ ಓದಿದರೆ ತಲೆ ಕೆಡುತ್ತದೆ. ಬಾಯಿಬಿಟ್ಟು ಓದಬೇಕು. ‘ಓಯ್ತಾವ್ನೆ’ ಎಂದು ಬರೆದದ್ದನ್ನು ಕಣ್ಣಿಗೆ ಒಪ್ಪಿಸಿ, ನಿಘಂಟಿನಲ್ಲಿ ‘ಓ’ ಅಕ್ಷರದ ಕೆಳಗೆ ಹುಡುಕಿದರೆ ಏನೂ ಸಿಗುವುದಿಲ್ಲ. ಬಾಯಲ್ಲಿ ಅಂದರೆ ‘ಹೋಗುತ್ತಾ ಇದ್ದಾನೆ’ ಎಂಬುದು ತಾನಾಗಿ ಕೇಳುತ್ತದೆ. ಜಿಮ್‌ನ ಮಾತೂ ಹಾಗೆಯೇ. ಕಾಗದದ ಮೇಲೆ ಒಡೆದ ಮಡಕೆಯ ಚೂರಿನಂತೆ ಕಾಣುತ್ತದೆ, ಜೋರಾಗಿ ಓದಿದರೆ ಒಬ್ಬ ದೊಡ್ಡ ಮನುಷ್ಯ ಎದುರಿಗೆ ಕೂತು ಮಾತಾಡಿದಂತಿರುತ್ತದೆ.

ಇನ್ನು ಕೆಲವು ಪದಗಳು ಕೆಲಸಕ್ಕೆ, ಸಾಮಾನಿಗೆ ಸೇರಿದವು. ಅವು ಕಳೆದುಹೋದದ್ದು ಆ ಸಾಮಾನು ಕಳೆದುಹೋದದ್ದರಿಂದ. ಒಂದು ಕಡೆ ಒಡೆದುಹೋದ ಹಡಗಿನ ಮೇಲೆ ಹಕ್ ಹತ್ತುತ್ತಾನೆ, ಅಲ್ಲಿ ‘ಟೆಕ್ಸಸ್’ ಎಂಬ ಪದ ಬರುತ್ತದೆ. ಓದುವ ಹುಡುಗ ಮಿಸಿಸಿಪ್ಪಿಯಿಂದ ಟೆಕ್ಸಸ್ ರಾಜ್ಯಕ್ಕೆ ಯಾವಾಗ ಹೋದರು ಎಂದು ಗಾಬರಿಯಾಗುತ್ತಾನೆ. ಆ ಕಾಲದ ನದಿ ಹಡಗುಗಳಲ್ಲಿ ಅಧಿಕಾರಿಗಳಿರುತ್ತಿದ್ದ ಮೇಲ್ಮಹಡಿಯ ಕೋಣೆಗಳಿಗೆ ಹಾಗೆನ್ನುತ್ತಿದ್ದರು, ಅಷ್ಟೇ. ‘ಜ್ಯೂಸ್ ಹಾರ್ಪ್’ ಎಂದು ಇನ್ನೊಂದು ಕಡೆ ಬರುತ್ತದೆ. ಹಣ್ಣಿನ ರಸವಲ್ಲ, ಹಲ್ಲಿಗೆ ಕೊಟ್ಟು ಬೆರಳಲ್ಲಿ ಮೀಟುವ ನಮ್ಮ ಮೋರ್ಸಿಂಗ್. ಲೇಖಕನ ಹೆಸರನ್ನೇ ತೆಗೆದುಕೊಳ್ಳಿ. ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಹಡಗು ನಡೆಸುತ್ತಿದ್ದವನು. ನೀರಿನ ಆಳ ನೋಡಲು ಹಗ್ಗ ಬಿಟ್ಟವನು ಹನ್ನೆರಡು ಅಡಿ ಇದ್ದರೆ ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದ. ಆರಡಿಯ ಎರಡು ಅಳತೆ, ಹಡಗಿಗೆ ಅಪಾಯವಿಲ್ಲ ಎಂದರ್ಥ. ಬಾವಿಯ ನೀರನ್ನು ‘ಎರಡಾಳು ಐತೆ’ ಎಂದು ಹೇಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ ಹೆಸರನ್ನು ಕನ್ನಡಕ್ಕೆ ತಂದರೆ ‘ಎರಡಾಳಪ್ಪ’ ಎಂದಾಗಬಹುದೇನೋ!

ಆದರೆ ಪದದ ಅರ್ಥ ಗೊತ್ತಾದ ಮಾತ್ರಕ್ಕೆ ಪಾತ್ರ ಗೊತ್ತಾಗುವುದಿಲ್ಲ. ಈ ಕಾದಂಬರಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ.

ಹಳೆಯ ಕನ್ನಡ ಕಾದಂಬರಿಗಳನ್ನು ನೆನಪಿಸಿಕೊಳ್ಳಿ. ಕತೆ ಹೇಳುವವರು ಪುಸ್ತಕದ ಕನ್ನಡದಲ್ಲಿ ಹೇಳುತ್ತಾರೆ. ಹಳ್ಳಿಯವನು ಬಾಯಿಬಿಟ್ಟಾಗ ಮಾತ್ರ ಉದ್ಧರಣ ಚಿಹ್ನೆ ಹಾಕಿ ಅವನ ಮಾತನ್ನು ತೋರಿಸುತ್ತಾರೆ. ಅಂದರೆ ಯೋಚನೆ ಮಾಡುವವರ ಭಾಷೆ ಒಂದು, ಕೆಲಸ ಮಾಡುವವರ ಭಾಷೆ ಇನ್ನೊಂದು. ಹಕಲ್‌ಬೆರಿ ಫಿನ್‌ನಲ್ಲಿ ಇದು ತಲೆಕೆಳಗು. ಕತೆ ಹೇಳುವವನೇ ಹಕ್. ನದಿಯ ಮೇಲೆ ಬೆಳಗಾಗುವುದನ್ನು ವರ್ಣಿಸುವುದೂ ಅದೇ ಹರಕು ಮಾತಿನಲ್ಲಿ, ಸಾವಿನ ಬಗ್ಗೆ ಯೋಚಿಸುವುದೂ ಅದೇ ಮಾತಿನಲ್ಲಿ. ಅಮೆರಿಕದ ಹೊಸ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಹೊರಟಿದೆ ಎಂಬರ್ಥದ ಮಾತನ್ನು ಹೆಮಿಂಗ್ವೇ 1935ರಲ್ಲಿ ಬರೆದ. ಅದಕ್ಕೆ ಐವತ್ತು ವರ್ಷ ಹಿಂದೆ, 1885ರಲ್ಲಿ, ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಲೈಬ್ರರಿ ಇದು ಒರಟು ಪುಸ್ತಕ ಎಂದು ಹೊರಗೆ ಹಾಕಿತ್ತು.

ಕನ್ನಡದಲ್ಲಿ ಈ ಕೆಲಸವನ್ನು ಪೂರ್ತಿಯಾಗಿ ಮಾಡಿದ್ದು ದೇವನೂರ ಮಹಾದೇವರ ‘ಕುಸುಮಬಾಲೆ’. ಹಕ್ ಫಿನ್ ಬಂದು ಸುಮಾರು ನೂರು ವರ್ಷಕ್ಕೆ ಬಂತು. ನಂಜನಗೂಡು ಸೀಮೆಯ ಮಾತು ಅಲ್ಲಿ ಪಾತ್ರಗಳ ಬಾಯಲ್ಲಿ ಮಾತ್ರವಿಲ್ಲ, ಕತೆಯ ನಡೆಯೇ ಆ ಮಾತಿನದು. ದೀಪದ ಜೋತಮ್ಮಗಳು ಸೇರಿ ಮಾತಾಡಿಕೊಳ್ಳುವುದು, ಮಂಚ ಕತೆ ಹೇಳುವುದು, ಚೆನ್ನನ ಕೊಲೆ, ಕುಸುಮಳ ಸಂಕಟ, ಎಲ್ಲವೂ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ಸೂಸನ್ ಡೇನಿಯಲ್ ಅವರು ಮಾಡಿದ ಇಂಗ್ಲಿಷ್ ಅನುವಾದ ಬಂತು. ಅರ್ಥವಾಗಲಿಲ್ಲ ಎಂದು ದೂರಿದ ಕನ್ನಡಿಗರು ಕಡಿಮೆಯೇನಿರಲಿಲ್ಲ. ನಮ್ಮ ಕಡೆ ಅಕ್ಷರ ಬಾರದ ಅಜ್ಜಿಯೊಬ್ಬರ ಮುಂದೆ ಕೂತು ಎರಡು ಪುಟ ಓದಿ ನೋಡಿ. ಎಂ.ಎ. ಮಾಡಿದವರು ತಡವರಿಸುವ ಕಡೆ ಅವರು ‘ಊಂ, ಆಮೇಲೆ?’ ಅನ್ನುತ್ತಾರೆ.

ಇನ್ನು ಹಕ್ಕನ ಪಾತ್ರಕ್ಕೆ ಬರೋಣ. ಅವನು ಹೇಳುವುದನ್ನು ಹೇಳಿದಂತೆ ನಂಬಿದರೆ ಕೆಟ್ಟಿರಿ. ಓಡಿಹೋದ ಗುಲಾಮನಿಗೆ ಸಹಾಯ ಮಾಡುವುದು ಕಳ್ಳತನ, ಪಾಪ, ನರಕಕ್ಕೆ ದಾರಿ ಎಂದು ಅವನಿಗೆ ಊರು ಕಲಿಸಿದೆ. ಅವನು ಅದನ್ನು ನಿಜವಾಗಿ ನಂಬಿದ್ದಾನೆ. ಮೂವತ್ತೊಂದನೇ ಅಧ್ಯಾಯದಲ್ಲಿ ಜಿಮ್ ಎಲ್ಲಿದ್ದಾನೆಂದು ಒಡತಿಗೆ ಕಾಗದವನ್ನೂ ಬರೆಯುತ್ತಾನೆ. ಬರೆದ ಮೇಲೆ ಮನಸ್ಸು ಹಗುರಾಯಿತು ಅನ್ನುತ್ತಾನೆ. ಆಮೇಲೆ ತೆಪ್ಪದ ಮೇಲಿನ ರಾತ್ರಿಗಳು ನೆನಪಾಗುತ್ತವೆ. ಜಿಮ್ ತನ್ನ ಸರದಿ ಮುಗಿದರೂ ಇವನನ್ನು ಎಬ್ಬಿಸದೆ ತಾನೇ ಕಾವಲು ಕೂತದ್ದು ನೆನಪಾಗುತ್ತದೆ. ಸರಿ, ನರಕಕ್ಕೇ ಹೋಗುತ್ತೇನೆ ಎಂದುಕೊಂಡು ಕಾಗದ ಹರಿದುಹಾಕುತ್ತಾನೆ. ತಾನು ಒಳ್ಳೆಯ ಕೆಲಸ ಮಾಡಿದೆ ಎಂದು ಅವನಿಗೆ ಆಗಲೂ ಗೊತ್ತಿಲ್ಲ. ತಾನು ಕೆಟ್ಟವನು ಎಂದೇ ಹೇಳಿಕೊಳ್ಳುತ್ತಾನೆ. ಸಾರಾಂಶದ ಪುಸ್ತಕದಲ್ಲಿ ಈ ಜಾಗದಲ್ಲಿ ಏನಿರುತ್ತದೆ ಗೊತ್ತೇ? ‘ಹಕ್‌ಗೆ ಗುಲಾಮಗಿರಿ ತಪ್ಪೆಂದು ಅರಿವಾಯಿತು’ ಎಂಬಂಥ ಒಂದು ಸಾಲು. ಅವನಿಗೆ ಅರಿವಾಗುವುದಿಲ್ಲ, ಅದೇ ಇಲ್ಲಿನ ವಿಷಯ! ಊರು ಕಲಿಸಿದ ಮಾತು ಬಾಯಲ್ಲಿದೆ, ಕೈ ಬೇರೆ ಕೆಲಸ ಮಾಡುತ್ತಿದೆ.

ಮಾತೊಂದು, ಮನಸ್ಸೊಂದು ಇರುವುದನ್ನು ನಮಗೆ ಹೇಳಿಕೊಡಬೇಕೇ? ‘ಹಾಳಾದೋನೆ, ನಿನ್ ಮಕ ಮುಚ್ಚಾ, ಒಸಿ ಇಟ್ಟುಣ್ಣು ಬಾ’ ಎಂದು ಕರೆಯುವ ಅವ್ವನ ಬಾಯಲ್ಲಿ ಬೈಗುಳವಿದೆ, ಕೈಯಲ್ಲಿ ಮುದ್ದೆಯಿದೆ. ‘ಹಿಟ್ಟು’ ಎಂದರೆ ಇಲ್ಲಿ ಮುದ್ದೆ ಎಂದು ತಿಳಿಯದ ದೂರದವರು ಇದನ್ನು ಅನುವಾದ ಮಾಡಿದರೆ ಬೈದು ಹಸಿ ಹಿಟ್ಟು ತಿನ್ನಿಸಿದಳು ಎಂದಾಗುತ್ತದೆ.

ಒಂದೊಂದು ಕರೆಯುವ ಪದದಲ್ಲಿ ಇಡೀ ಮನುಷ್ಯ ಕೂತಿರುತ್ತಾನೆ. ‘ಲಾ’ ಎಂಬುದನ್ನು ನೋಡಿ. ಜೊತೆಗಾರ ‘ಬಾರ್ಲಾ’ ಅಂದರೆ ಸಲಿಗೆ. ಅದೇ ಜಮೀನ್ದಾರ ತನ್ನ ಅಪ್ಪನ ವಯಸ್ಸಿನ ಆಳಿಗೆ ‘ಬಾರ್ಲಾ’ ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಆಳು ತಿರುಗಿ ‘ಬುದ್ಧೀ’ ಅನ್ನುತ್ತಿದ್ದ. ಈಗಿನ ಹುಡುಗರು ಹಳೇ ಕತೆಯಲ್ಲಿ ‘ಬುದ್ಧಿ’ ಎಂದು ಓದಿದರೆ ತಿಳಿವಳಿಕೆ ಎಂದುಕೊಳ್ಳುತ್ತಾರೆ. ಅದು ಒಡೆಯನನ್ನು ಕರೆಯುವ ಪದವಾಗಿತ್ತು. ಆ ಒಂದು ಪದ ಬಿಟ್ಟುಹೋದರೆ ಯಾರು ಜಗುಲಿಯ ಮೇಲೆ ಕೂತಿದ್ದರು, ಯಾರು ಕೈಕಟ್ಟಿ ಅಂಗಳದಲ್ಲಿ ನಿಂತಿದ್ದರು ಎಂಬುದು ಕತೆಯಿಂದ ಅಳಿಸಿಹೋಗುತ್ತದೆ. ಗದ್ದೆಯ ಲೆಕ್ಕವೂ ಹೀಗೆ. ‘ಐದು ಕೊಳಗದ ಗದ್ದೆ’ ಎಂದರೆ ಐದು ಕೊಳಗ ಬಿತ್ತನೆ ಹಿಡಿಯುವಷ್ಟು ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಂದಮೇಲೆ ಕಾಲು ಖಂಡುಗದವನು, ಮನೆಮಂದಿ ಉಣ್ಣುವುದು ಕಷ್ಟ. ಕತೆಗಾರ ಅವನು ಬಡವ ಎಂದು ಬೇರೆ ಹೇಳುವುದಿಲ್ಲ, ಅಷ್ಟು ಹೇಳಿ ಮುಂದೆ ಹೋಗುತ್ತಾನೆ. ಗುಂಟೆ, ಎಕರೆ ಮಾತ್ರ ಗೊತ್ತಿರುವವರಿಗೆ ಆ ಬಡತನ ಕಾಣಿಸುವುದೇ ಇಲ್ಲ.

ಜಿಮ್ ಹಕ್ಕನನ್ನು ಕರೆಯುವ ರೀತಿ ಗಮನಿಸಿ. ‘ಹನಿ’ ಅನ್ನುತ್ತಾನೆ. ಅಕ್ಷರಕ್ಕೆ ಜೇನು, ನಿಜಕ್ಕೆ ನಮ್ಮ ‘ಮಗಾ’, ‘ನನ್ನಪ್ಪಾ’. ಹೆಂಡತಿ ಮಕ್ಕಳಿಂದ ದೂರವಾದ ಮನುಷ್ಯ ಊರು ಬಿಟ್ಟು ಬಂದ ಪರರ ಹುಡುಗನನ್ನು ಹಾಗೆ ಕರೆಯುತ್ತಾನೆ. ಹದಿನೈದನೇ ಅಧ್ಯಾಯದಲ್ಲಿ ಮಂಜು ಕವಿದು ಇಬ್ಬರೂ ಬೇರೆಯಾಗುತ್ತಾರೆ. ಹಕ್ ಸತ್ತೇ ಹೋದ ಎಂದು ಜಿಮ್ ಅತ್ತುಕೊಂಡು ಮಲಗಿರುತ್ತಾನೆ. ತಿರುಗಿ ಬಂದ ಹುಡುಗ ನಾನು ಎಲ್ಲೂ ಹೋಗಿರಲಿಲ್ಲ, ನೀನು ಕನಸು ಕಂಡೆ ಎಂದು ಆಟವಾಡಿಸುತ್ತಾನೆ. ನಿಜ ತಿಳಿದಾಗ ಜಿಮ್ ಕೂಗಾಡುವುದಿಲ್ಲ. ಸ್ನೇಹಿತನ ತಲೆಗೆ ಮಣ್ಣು ಹಾಕಿ ನಾಚಿಕೆಪಡಿಸುವವರು ಕಸ ಎಂಬರ್ಥದಲ್ಲಿ ನಾಲ್ಕು ಮಾತು ಹೇಳಿ ಒಳಗೆ ಹೋಗಿಬಿಡುತ್ತಾನೆ. ಕರಿಯನೊಬ್ಬನ ಮುಂದೆ ತಗ್ಗಲು ಹಕ್‌ಗೆ ಹದಿನೈದು ನಿಮಿಷ ಬೇಕಾಯಿತಂತೆ. ತಗ್ಗಿದ. ಆ ನಾಲ್ಕು ಮಾತನ್ನು ಶುದ್ಧ ಇಂಗ್ಲಿಷಿನಲ್ಲಿ ಓದಿದರೆ ಮೇಷ್ಟ್ರು ಪಾಠ ಹೇಳಿದಂತಿರುತ್ತದೆ. ಜಿಮ್‌ನ ಮಾತಿನಲ್ಲಿ ಓದಿದರೆ ನಮಗೂ ಮುಖ ತಗ್ಗಿಸಬೇಕೆನ್ನಿಸುತ್ತದೆ.

ಶುದ್ಧ ಮಾತು ಆಡಲು ಹೋಗುವವರು ಯಾರು ಎಂಬುದನ್ನೂ ಟ್ವೇನ್ ತೋರಿಸುತ್ತಾನೆ. ರಾಜ, ಡ್ಯೂಕ್ ಎಂದು ಹೇಳಿಕೊಂಡು ತೆಪ್ಪ ಹತ್ತುವ ಇಬ್ಬರು ಮೋಸಗಾರರು. ಒಂದು ಸಾವಿನ ಮನೆಯಲ್ಲಿ ಈ ‘ರಾಜ’ ಉತ್ತರಕ್ರಿಯೆಗೆ ಬಳಸುವ ದೊಡ್ಡ ಪದ ಎಂದುಕೊಂಡು, ಕುಡಿದು ಕುಣಿಯುವ ಮೋಜಿಗೆ ಬಳಸುವ ಪದವನ್ನು ಮತ್ತೆ ಮತ್ತೆ ಹೇಳುತ್ತಾನೆ. ತಪ್ಪು ಎಂದು ಜೊತೆಗಾರ ಚೀಟಿ ಕಳಿಸಿದರೆ, ಇದೇ ಸರಿ, ಮೂಲ ಗ್ರೀಕಿನದು ಎಂದು ಸಭೆಗೆ ವಿವರಣೆ ಬೇರೆ ಕೊಡುತ್ತಾನೆ. ಮೈಕು ಸಿಕ್ಕರೆ ಸಂಸ್ಕೃತ ಸುರಿಸುವ ನಮ್ಮ ಮುಖಂಡರನ್ನು ಕೇಳಿದವರಿಗೆ ಈ ಪುಟಕ್ಕೆ ಟಿಪ್ಪಣಿ ಬೇಡ. ಇದೇ ರಾಜ ಮುಂದೆ ಜಿಮ್‌ನನ್ನು ನಲವತ್ತು ಡಾಲರಿಗೆ ಮಾರುತ್ತಾನೆ.

ಒಂದು ಕಷ್ಟದ ವಿಷಯವಿದೆ, ಅದನ್ನು ಹಾರಿಸಿ ಹೋಗಬಾರದು. ಕರಿಯರನ್ನು ಹೀಯಾಳಿಸುವ ಒಂದು ಪದ ಈ ಪುಸ್ತಕದಲ್ಲಿ ಇನ್ನೂರಕ್ಕಿಂತ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಅಮೆರಿಕದ ಒಂದು ಪ್ರಕಾಶನ ಆ ಪದವನ್ನೆಲ್ಲ ತೆಗೆದು ‘ಗುಲಾಮ’ ಎಂಬರ್ಥದ ಪದ ಹಾಕಿ ಹೊಸ ಪುಸ್ತಕ ತಂದಿತು. ದೊಡ್ಡ ಜಗಳವಾಯಿತು. ನಮ್ಮ ಹಳೇ ಕತೆಗಳಲ್ಲೂ ಜಾತಿಯ ಹೆಸರು ಬೈಗುಳವಾಗಿ ಬರುತ್ತದೆ. ಬೀದಿಯಲ್ಲಿ ಹಾಗೆ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸಾಗುತ್ತದೆ, ಆಗಲೇಬೇಕು. ಪುಸ್ತಕದಲ್ಲಿ? ಅಳಿಸಬಾರದು ಎಂಬುದು ನಮ್ಮ ನಿಲುವು. ಅಳಿಸಿದರೆ ಆ ಕಾಲದವರು ಬಹಳ ಸಭ್ಯರಾಗಿದ್ದರು ಎಂದು ಮುಂದಿನವರು ನಂಬುತ್ತಾರೆ. ಆದರೆ ಅಳಿಸಬೇಡಿ ಎಂದು ಹೇಳುವುದು ಆ ಪದ ತಾಗದವರಿಗೆ ಸುಲಭ. ಅದು ತಾಗುವ ಮಗುವೂ ಅದೇ ಬೆಂಚಿನಲ್ಲಿ ಕೂತಿರುತ್ತದೆ. ತರಗತಿಯಲ್ಲಿ ಆ ಸಾಲು ಬಂದಾಗ ಮಕ್ಕಳ ಕೈಯಲ್ಲಿ ಜೋರಾಗಿ ಓದಿಸಿ ನಗುವುದಕ್ಕೆ ಬಿಡುವ ಮೇಷ್ಟ್ರಿಗೆ ಆ ಪುಸ್ತಕ ಕೊಡಲೇಬಾರದು. ಮೊದಲು ಯಾರು ಯಾರಿಗೆ ಯಾಕೆ ಹೀಗನ್ನುತ್ತಿದ್ದರು ಎಂದು ಹೇಳಬೇಕು, ಆಮೇಲೆ ಓದು.

ಹಕ್ಕನ ಮಾತನ್ನು ಕನ್ನಡಕ್ಕೆ ತರುವವರೂ ಒಂದು ಹುಷಾರು ಇಟ್ಟುಕೊಳ್ಳಬೇಕು. ಜಿಮ್‌ನ ಬಾಯಿಗೆ ಮಂಡ್ಯದ ಮಾತು ಹಾಕಿ, ಉಳಿದವರಿಗೆಲ್ಲ ಪುಸ್ತಕದ ಕನ್ನಡ ಕೊಟ್ಟರೆ ಓದುಗರು ಜಿಮ್‌ನನ್ನು ನೋಡಿ ನಗುತ್ತಾರೆ. ಸಿನಿಮಾದವರು ನಮ್ಮ ಮಾತಿಗೆ ಮಾಡಿರುವುದು ಇದನ್ನೇ. ಕಾಮಿಡಿಯವನು ಇಲ್ಲವೇ ಮಚ್ಚು ಹಿಡಿದವನು, ಇವರಿಬ್ಬರಿಗೆ ಮಂಡ್ಯದ ಮಾತು. ನಮ್ಮ ಮಾತು ಹಾಕುವುದಾದರೆ ಕತೆ ಹೇಳುವ ಹಕ್‌ಗೂ ಹಾಕಿ, ನದಿಯ ಬೆಳಗನ್ನೂ ಅದರಲ್ಲೇ ಹೇಳಿ.

ಈಗ ಮನೆಗೆ ಬರೋಣ. ಡಾ. ಬೆಸಗರಹಳ್ಳಿ ರಾಮಣ್ಣ ನಮ್ಮದೇ ಮದ್ದೂರು ತಾಲ್ಲೂಕಿನವರು. ವೃತ್ತಿಯಲ್ಲಿ ವೈದ್ಯರು. 1998ರಲ್ಲಿ ತೀರಿಕೊಂಡರು. ‘ನೆಲದ ಒಡಲು’, ‘ಗರ್ಜನೆ’, ‘ಕನ್ನಂಬಾಡಿ’ ಅವರ ಕತೆಗಳ ಪುಸ್ತಕಗಳು. ‘ಗಾಂಧಿ’ ಎಂಬ ಅವರ ಕತೆಯ ಹೆಸರನ್ನು ಕೇಳದ ಕನ್ನಡ ಮೇಷ್ಟ್ರಿಲ್ಲ. ಇಲ್ಲಿನ ಬಡವರ, ರೈತರ ಮಾತು ಆ ಕತೆಗಳಲ್ಲಿದೆ. ಅಮೆರಿಕದ ಹುಡುಗ ಹಕ್ ಫಿನ್ ಓದಲು ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳಬೇಕಾಗಿ ಬಂದದ್ದು ನೂರು, ನೂರೈವತ್ತು ವರ್ಷದ ಮೇಲೆ. ರಾಮಣ್ಣನವರು ತೀರಿಕೊಂಡು ಇನ್ನೂ ಮೂವತ್ತು ವರ್ಷವಾಗಿಲ್ಲ. ಅವರ ಕತೆ ಓದಲು ಅವರ ತಾಲ್ಲೂಕಿನ ಮಕ್ಕಳಿಗೇ ಟಿಪ್ಪಣಿ ಬೇಕಾಗುವ ದಿನ ಹತ್ತಿರ ಬಂದಿದೆ.

ಇದಕ್ಕೆ ಮೊಬೈಲನ್ನು ಬೈದು ಕೈತೊಳೆದುಕೊಳ್ಳಬೇಡಿ. ‘ಐತೆ ಅನ್ಬೇಡ, ಇದೆ ಅನ್ನು’, ‘ಮಡಗು ಅಲ್ಲ, ಇಡು’ ಎಂದು ಒಂದನೇ ತರಗತಿಯಿಂದ ತಿದ್ದುತ್ತಾ ಬಂದಿದ್ದೇವೆ. ‘ಇದೆ’ ಕಲಿಸಬೇಕು, ಪರೀಕ್ಷೆಗೆ, ಅರ್ಜಿಗೆ, ಕೆಲಸಕ್ಕೆ ಅದು ಬೇಕು, ಅದರಲ್ಲಿ ತಕರಾರಿಲ್ಲ. ‘ಐತೆ’ ತಪ್ಪು ಎಂದು ಕಲಿಸಿದ್ದು ಯಾಕೆ? ‘ಮಡಗು’ ಹಳೆಯ ಒಳ್ಳೆಯ ಕನ್ನಡ ಪದ. ‘ಕೂಳು’ ಎಂಬುದು ಒಂದು ಕಾಲಕ್ಕೆ ಬರೀ ಅನ್ನಕ್ಕಿದ್ದ ಹೆಸರು, ಈಗ ಬೈಗುಳದಲ್ಲಿ ಉಳಿದಿದೆ. ‘ಹಟ್ಟಿ’ ನಮಗೆ ಮನೆ, ಕರಾವಳಿಯವರಿಗೆ ದನದ ಕೊಟ್ಟಿಗೆ. ಇಷ್ಟು ತಿಳಿದ ಮಗು ಭಾಷೆಯಲ್ಲಿ ಹಿಂದೆ ಬೀಳುವುದಿಲ್ಲ. ಪತ್ರಿಕೋದ್ಯಮ ಓದಿದ ನಮಗೆ ಕಲಿಸಿದ್ದೂ ಇದೇ ತಿದ್ದುವ ಕೆಲಸ. ಬೆಳೆ ಒಣಗಿದ ರೈತ ಏನೇ ಹೇಳಲಿ, ಸುದ್ದಿಯಲ್ಲಿ ‘ಅಳಲು ತೋಡಿಕೊಂಡರು’ ಎಂದು ಬರೆಯಿರಿ ಎಂದರು. ಕಬ್ಬಿನ ಕಟಾವು ತಡವಾಗಿ ಹೊಲದಲ್ಲೇ ಒಣಗಿದಾಗ ನಮ್ಮ ಜನ ಆಡುವ ಮಾತಿನಲ್ಲಿ ಸಿಟ್ಟಿದೆ, ಲೆಕ್ಕವಿದೆ, ವ್ಯಂಗ್ಯವಿದೆ. ಅಳಲು ಒಂದೇ ಅಲ್ಲ.

ಓದಲು ಮನಸ್ಸಿದ್ದವರಿಗೆ ದಾರಿ ಇದೆ. ಹಕ್ ಫಿನ್‌ಗೆ ಹಕ್ಕುಸ್ವಾಮ್ಯ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಸ್ತಕ, ಲಿಬ್ರಿವಾಕ್ಸ್‌ನಲ್ಲಿ ಓದಿದ ದನಿ, ಎರಡೂ ಬಿಟ್ಟಿಯಾಗಿ ಫೋನಿಗೆ ಸಿಗುತ್ತವೆ. ಕೇಳುತ್ತಾ ಓದಿ, ಗೊತ್ತಿಲ್ಲದ ಪದಕ್ಕೆಲ್ಲ ನಿಲ್ಲಬೇಡಿ, ಮೂರು ಸಲ ಬಂದ ಪದಕ್ಕೆ ಮಾತ್ರ ನಿಲ್ಲಿ. ಕನ್ನಡ ಪದಗಳಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ‘ಅಲರ್’ ನಿಘಂಟು ಅಂತರ್ಜಾಲದಲ್ಲಿದೆ. ಅದಕ್ಕಿಂತ ಮೊದಲು ಕೇಳಬೇಕಾದವರು ಮನೆಯ ಜಗುಲಿಯಲ್ಲಿದ್ದಾರೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕದಲ್ಲಿ ಹಳೇ ಸಾಮಾನುಗಳೂ ಇವೆ. ಬೆಂಗಳೂರಿಗೆ ಹೋಗುವಾಗ ಒಮ್ಮೆ ಇಳಿದು ಮಕ್ಕಳಿಗೆ ತೋರಿಸಿ.

ನಮ್ಮ ಗ್ರಾಮ ಪಂಚಾಯಿತಿಗಳನ್ನು ಕೇಳುವುದು ಇಷ್ಟು. ಅರಿವು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಪಕ್ಕ ರಾಮಣ್ಣನವರ ಕತೆಗಳನ್ನೂ ‘ಕುಸುಮಬಾಲೆ’ಯನ್ನೂ ಇಡಿ. ಭಾನುವಾರ ಒಬ್ಬರು ಜೋರಾಗಿ ಓದಲಿ, ನಾಲ್ಕು ಜನ ವಯಸ್ಸಾದವರನ್ನು ಕರೆದು ಕೂರಿಸಿ, ಒಂದು ನೋಟ್‌ಬುಕ್ ಇಡಿ. ಕತೆಯಲ್ಲಿ ‘ಕಪಿಲೆ’ ಎಂದು ಬಂದಾಗ ಐಕ್ಳು ಹಸುವಿನ ಹೆಸರು ಅಂದುಕೊಳ್ಳುತ್ತಾರೆ. ಆಗ ಮೂಲೆಯಲ್ಲಿ ಕೂತ ತಾತ ಎದ್ದು, ಎತ್ತು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ಚರ್ಮದ ಚೀಲ ಹೇಗೆ ಮೇಲೆ ಬರುತ್ತಿತ್ತು, ಎತ್ತಿಗೆ ಏನೆಂದು ಕೂಗುತ್ತಿದ್ದರು ಎಂದು ಕೂಗಿ ತೋರಿಸಲಿ. ಆ ಕೂಗನ್ನು ಹೇಗೆ ಬರೆಯುವುದು ಎಂದು ಹುಡುಗರು ಜಗಳವಾಡಿಕೊಳ್ಳಲಿ.